ಎಣಿಸಬಾರದ ಕುರಿಗಳು

ನನ್ನ ಬಾಯಿ ಸ್ವಲ್ಪ ಮುಂದು. ಇದನ್ನು ನಾನು ಹೇಳಿಕೊಳ್ಳಬೇಕಾಗಿಲ್ಲ, ನಮ್ಮ ಅಮ್ಮಿ ದಿಲ್ಶಾದ್ ಬೇಗಂ ನನಗೆ ಮಾತು ಬಂದಾಗಿನಿಂದ ಹೇಳಿ ಹೇಳಿ ಅರ್ಧ ಚಳ್ಳಕೆರೆಗೆ ಗೊತ್ತುಮಾಡಿದ್ದಾರೆ. ಆದರೆ ಎರಡು ಸಾವಿರದ ಎಂಟನೇ ಇಸವಿಯಲ್ಲಿ ನನಗೆ ಕೆಲಸ ಕೊಡಿಸಿದ್ದು ಆ ಬಾಯಿಯೇ. ಹಳ್ಳಿಯವರ ಜೊತೆ ಮಾತಾಡೋಕೆ ಬರುತ್ತಾ ತಬಸ್ಸುಮ್ ಎಂದು ಸಂದರ್ಶನದಲ್ಲಿ ಕೇಳಿದರು. ಮಾತು ನಿಲ್ಲಿಸುವುದಕ್ಕೆ ಬರುವುದಿಲ್ಲ ಎಂದೆ. ನಗುತ್ತಾ ಆರ್ಡರು ಕೊಟ್ಟರು.

ಕೆಲಸವೇನೆಂದರೆ, ಒಂದು ಅಂಗಡಿ ಎಷ್ಟು ಹೊಗೆ ಬಿಡುತ್ತದೆ ಎಂದು ಲೆಕ್ಕ ಹಾಕುವುದು. ಬೆಂಗಳೂರಿನ 'ಹಚ್ಚಡ' ಎಂಬ ಕಂಪನಿಗೆ ಆಗ ಹದಿನೇಳು ಅಂಗಡಿಗಳಿದ್ದವು. ಸೀರೆ, ಕಂಬಳಿ, ಜಮಖಾನ, ಕಡಲೆಕಾಯಿ ಎಣ್ಣೆ, ಹೀಗೆ ಊರಿನ ಸಾಮಾನುಗಳನ್ನು ಚೆಂದದ ಚೀಲದಲ್ಲಿಟ್ಟು ನಾಲ್ಕು ಪಟ್ಟು ಬೆಲೆಗೆ ಮಾರುವ ಅಂಗಡಿಗಳು. ಹೊರದೇಶದ ಯಾರೋ ಪಾಲುದಾರರು ಬಂದು, ನಿಮ್ಮ ವ್ಯಾಪಾರದಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ, ನೀವು ಮಾರುವ ವಸ್ತು ನೀವು ಹೇಳುವ ಕಡೆಯಿಂದಲೇ ಬರುತ್ತದೋ ಇಲ್ಲವೋ, ಎಲ್ಲ ಬರೆದುಕೊಡಿ ಎಂದರಂತೆ. ಅದನ್ನು ಬರೆದುಕೊಡಲು ಒಂದು ಸಂಸ್ಥೆ, ಆ ಸಂಸ್ಥೆಯಲ್ಲಿ ಸ್ವಪ್ನ ಎಂಬ ಮೇಡಂ, ಆ ಮೇಡಂ ಕೈಕೆಳಗೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ನಾನು. ಮೂರು ತಿಂಗಳ ಕೆಲಸ.

ನಮ್ಮ ಅಬ್ಬಾ ನೂರ್ ಅಹಮ್ಮದ್ ಎಣ್ಣೆ ಮಿಲ್ಲುಗಳ ಹಿಂದಿನ ಸಾಲಿನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುವವರು. ಜೀವಮಾನವೆಲ್ಲ ಹೊಗೆಯಲ್ಲೇ ಕಳೆದ ಮನುಷ್ಯನಿಗೆ ಮಗಳು ಹೊಗೆ ಅಳೆಯಲು ಹೊರಟಿದ್ದು ದೊಡ್ಡ ತಮಾಷೆಯಾಯಿತು. ನನ್ನ ಅಂಗಿಯನ್ನೇ ತೂಗಿ ಕಳಿಸು, ಮೇಡಂಗೆ ಸಾಕು ಎಂದರು.

ಮೊದಲ ತಿಂಗಳು ಸುಲಭವಾಗಿ ಹೋಯಿತು. ಕಂಪನಿಯ ಚಳ್ಳಕೆರೆ ಗೋಡೌನಿನ ಕರೆಂಟು ಬಿಲ್ಲು, ಜನರೇಟರಿನ ಡೀಸೆಲ್ಲು, ಬೆಂಗಳೂರಿಗೆ ಹೋಗುವ ಲಾರಿಯ ಕಿಲೋಮೀಟರು, ಸುತ್ತುವ ಪ್ಲಾಸ್ಟಿಕ್ಕು. ಮೊಳಕಾಲ್ಮೂರಿನಲ್ಲಿ ರೇಷ್ಮೆಗೆ ಬಣ್ಣ ಹಾಕುವ ಒಲೆಗಳಿಗೆ ದಿನಕ್ಕೆಷ್ಟು ಸೌದೆ ಎಂದು ಕೇಳಿದರೆ ಅವರು ಸೌದೆ ಡಿಪೋದ ಚೀಟಿಯನ್ನೇ ತೆಗೆದು ತೋರಿಸಿದರು. ಎಲ್ಲವೂ ಕಾಗದದ ಮೇಲಿತ್ತು. ಬರೆದುಕೊಂಡು ಬಸ್ಸು ಹತ್ತಿದರೆ ಮುಗಿಯಿತು. ಇಷ್ಟಕ್ಕೆ ಸಂಬಳ ಕೊಡುತ್ತಾರಲ್ಲ, ದುಡ್ಡು ಹೆಚ್ಚಾಗಿದೆ ಇವರಿಗೆ ಎಂದುಕೊಂಡೆ.

ಕಂಬಳಿಗೆ ಬಂದಾಗ ಗೊತ್ತಾಯಿತು.

ಕಂಬಳಿ ಬರುತ್ತಿದ್ದದ್ದು ಬಿ.ಜಿ. ಕೆರೆಯಿಂದ ಮೂರು ಮೈಲಿ ಒಳಗಿನ ಒಂದು ಹಟ್ಟಿಯಿಂದ. ಅಲ್ಲಿ ಒಂಬತ್ತು ಮನೆಯವರು ಕುರಿ ಸಾಕುತ್ತಿದ್ದರು, ಇಪ್ಪತ್ತೆರಡು ಹೆಂಗಸರು ಆ ಉಣ್ಣೆಯನ್ನು ರಾಟೆಯಲ್ಲಿ ನೂಲುತ್ತಿದ್ದರು, ಐದು ಮಗ್ಗದಲ್ಲಿ ಅದು ಕಂಬಳಿಯಾಗುತ್ತಿತ್ತು. ಎಲ್ಲ ಸೇರಿ ಒಂದು ಸಂಘ. ವರ್ಷಕ್ಕೆ ಮುನ್ನೂರು ಕಂಬಳಿ ಪೂರ್ತಿ ಹಚ್ಚಡ ಕಂಪನಿಗೇ. ಅದಕ್ಕೆ ಮುಂಚೆ ಸಂತೆಯಲ್ಲಿ ಬಿಸಿಲಿಗೆ ಕೂತು, ದಲ್ಲಾಳಿ ಕೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದವರು ಅವರು. ಆ ಕಂಪನಿಯ ಆರ್ಡರು ಬಂದ ಮೇಲೆ ಹೆಂಗಸರಿಗೆ ತಿಂಗಳು ತಿಂಗಳು ನೂಲಿನ ಕೂಲಿ ಕೈಗೆ ಸಿಗುತ್ತಿತ್ತು.

ಸಂಘದ ಅಧ್ಯಕ್ಷೆ ದೊಡ್ಡಕ್ಕ. ಅರವತ್ತರ ಹತ್ತಿರದ ಹೆಂಗಸು, ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಾತು ಕಡಿಮೆ, ಕೈ ಮಾತ್ರ ಒಂದು ಕ್ಷಣ ಸುಮ್ಮನಿರದು. ನಾನು ಫಾರಂ ತೆಗೆದು ಪ್ರಶ್ನೆ ಕೇಳುತ್ತಿದ್ದರೆ ಆಕೆ ನೂಲುತ್ತಲೇ ಉತ್ತರ ಹೇಳುತ್ತಿದ್ದಳು. ಕರೆಂಟು? ಸಂಘದ ಮನೆಗೆ ಒಂದು ಬಲ್ಬು. ಡೀಸೆಲ್ಲು? ಇಲ್ಲ. ಸೌದೆ? ಕಂಬಳಿಯ ನೂಲು ಗಟ್ಟಿಯಾಗಲಿ ಎಂದು ಹುಣಸೆಬೀಜದ ಗಂಜಿ ಕಾಯಿಸಿ ಬಳಿಯುತ್ತಾರಲ್ಲ, ಅದಕ್ಕೆ ಜಾಲಿಪುಳ್ಳೆ. ಬಣ್ಣ? ಕುರಿಯದು ಯಾವ ಬಣ್ಣವೋ ಕಂಬಳಿಯದೂ ಅದೇ. ನನಗೆ ಬಹಳ ಖುಷಿಯಾಯಿತು. ಇಡೀ ಕಂಪನಿಯಲ್ಲಿ ಇಷ್ಟು ಕಡಿಮೆ ಹೊಗೆಯ ಸಾಮಾನು ಇನ್ನೊಂದಿಲ್ಲ ಎಂದೆ. ಆಕೆ ಮಜ್ಜಿಗೆ ತರಿಸಿದಳು.

ಕೊನೆಯ ಪ್ರಶ್ನೆ, ಕುರಿ ಎಷ್ಟು ಎಂಬುದು. ಕುರಿ ಮೆಲುಕು ಹಾಕಿ ತೇಗುತ್ತದೆ, ಆ ತೇಗಿನ ಗಾಳಿ ಲಾರಿಯ ಹೊಗೆಗಿಂತ ಕೆಟ್ಟದ್ದು, ವರ್ಷಕ್ಕೆ ಒಂದು ಕುರಿಗೆ ಐದು ಕೆಜಿ ಲೆಕ್ಕ ಎಂದು ಸ್ವಪ್ನ ಮೇಡಂ ಹೇಳಿಕೊಟ್ಟಿದ್ದರು. ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬಾ ಊಟ ಬಿಟ್ಟು ನಕ್ಕಿದ್ದರು. ಹಟ್ಟಿಯಲ್ಲಿ ಯಾರೂ ನಗಲಿಲ್ಲ. ದೊಡ್ಡಕ್ಕನ ರಾಟೆ ಒಂದು ಸುತ್ತು ನಿಧಾನವಾಯಿತು. ಅದನ್ನೆಲ್ಲ ನನ್ನ ಮೈದುನನ್ನ ಕೇಳು ಎಂದಳು.

ಮೈದುನ ಕ್ಯಾತಣ್ಣ ಆ ಮನೆಯ ಕುರಿ ಕಾಯುವವನು. ಐವತ್ತು ದಾಟಿದ, ಒಣಗಿದ ಜಾಲಿಮರದಂಥ ಆಳು. ಆಂಧ್ರದ ಗಡಿ ಹತ್ತಿರವಲ್ಲವೇ, ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದ. ನನ್ನ ಪ್ರಶ್ನೆ ಕೇಳಿ ಆಕಾಶ ನೋಡಿದ, ನೆಲ ನೋಡಿದ, ಏನೋ ಒಂದು ನಲವತ್ತು ಇರಬಹುದು ಎಂದ. ಪಕ್ಕದ ಮನೆಯ ಬೋರಣ್ಣನೂ ನಲವತ್ತು ಎಂದ. ಅದರಾಚೆ ಮನೆಯಲ್ಲೂ ನಲವತ್ತು. ಒಂಬತ್ತು ಮನೆಗೆ ಹೋದೆ, ಒಂಬತ್ತೂ ಕಡೆ ನಲವತ್ತು. ಎಂಥ ಶಿಸ್ತಿನ ಊರಪ್ಪಾ ಇದು ಎಂದುಕೊಂಡೆನೇ ಹೊರತು ನನ್ನ ದಡ್ಡ ತಲೆಗೆ ಬೇರೇನೂ ಹೊಳೆಯಲಿಲ್ಲ. ಮುನ್ನೂರ ಅರವತ್ತು ಎಂದು ದುಂಡಗೆ ಬರೆದು ಕಳಿಸಿದೆ.

ವಾರ ಕಳೆದ ಮೇಲೆ ಸ್ವಪ್ನ ಮೇಡಂ ಫೋನು ಮಾಡಿದರು. ಅವರು ಬೈಯುವವರಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಲೆಕ್ಕ ಬಿಡಿಸಿದರು. ನಿಮ್ಮ ಕಡೆಯ ಕುರಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಹೆಚ್ಚೆಂದರೆ ಅರ್ಧ ಕೆಜಿ ಚಿಲ್ಲರೆ. ಒಂದು ಕಂಬಳಿಗೆ ಎರಡು ಕೆಜಿ ಬೇಕು. ಮುನ್ನೂರ ಅರವತ್ತು ಕುರಿಯಿಂದ ನೂರ ಹತ್ತು ಕಂಬಳಿಯೂ ಆಗುವುದಿಲ್ಲ. ಸಂಘದವರು ಕೊಡುತ್ತಿರುವುದು ಮುನ್ನೂರು. ಉಳಿದ ಕಂಬಳಿಗೆ ನೂಲು ಎಲ್ಲಿಂದ ಬರುತ್ತಿದೆ ತಬಸ್ಸುಮ್?

ಉತ್ತರ ನನಗೂ ಹೊಳೆಯಿತು, ಅವರಿಗೂ ಹೊಳೆದಿತ್ತು. ದೂರದ ಗಿರಣಿಗಳಿಂದ ಅಗ್ಗದ ನೂಲು ತಂದು ಬೆರೆಸಿ, ಕೈನೂಲು ಎಂದು ಮಾರುವ ಮೋಸ ಬೇರೆ ಕಡೆ ಸಿಕ್ಕಿತ್ತಂತೆ. ಹನ್ನೆರಡು ದಿನದಲ್ಲಿ ವರದಿ ಕಂಪನಿಗೆ ಹೋಗಬೇಕು. ಇದೇ ಅಂಕಿ ಹೋದರೆ ಸಂಘದ ಹೆಸರಿನ ಮುಂದೆ ಮೂಲ ಸುಳ್ಳು ಎಂದು ಬೀಳುತ್ತದೆ, ಕಂಪನಿ ಕಂಬಳಿ ಕೊಳ್ಳುವುದನ್ನು ನಿಲ್ಲಿಸುತ್ತದೆ, ಬೇರೆ ದೊಡ್ಡ ಅಂಗಡಿಯವರೂ ಹತ್ತಿರ ಸೇರಿಸುವುದಿಲ್ಲ. ಇಪ್ಪತ್ತೆರಡು ಹೆಂಗಸರು ಮತ್ತೆ ಸಂತೆಗೆ, ಜೊತೆಗೆ ಕಳ್ಳರೆಂಬ ಹೆಸರು.

ನನಗೆ ಸಿಟ್ಟು ನೆತ್ತಿಗೇರಿತು. ಮಜ್ಜಿಗೆ ಕುಡಿಸಿ ಟೋಪಿ ಹಾಕಿದರಲ್ಲ ಎಂದು ಮಾರನೆಯ ದಿನ ಮೊದಲ ಬಸ್ಸಿಗೇ ಹೋದೆ. ಸಂಘದ ಮನೆಯಲ್ಲಿ ಹೆಂಗಸರೆಲ್ಲ ಕೂತು ನೂಲುತ್ತಿದ್ದರು. ನಿಂತಲ್ಲೇ, ಎಲ್ಲರ ಎದುರಿಗೇ, ಗಿರಣಿ ನೂಲು ಎಲ್ಲಿಂದ ತರುತ್ತೀರಿ ಎಂದು ಕೇಳಿಬಿಟ್ಟೆ. ಇಂದಿಗೂ ಆ ಮಾತು ನೆನೆದರೆ ನನ್ನ ನಾಲಿಗೆ ಕತ್ತರಿಸಿಕೊಳ್ಳಬೇಕು ಅನಿಸುತ್ತದೆ.

ಇಪ್ಪತ್ತೆರಡು ರಾಟೆಗಳೂ ನಿಂತವು. ಚಿನ್ನಕ್ಕ ಎಂಬಾಕೆ, ಮಗ್ಗದ ಮನೆಯವಳು, ಎದ್ದು ನಿಂತು ಸೆರಗು ಬಿಗಿದಳು. ನಮ್ಮನ್ನ ಕಳ್ಳರು ಅಂದೆಯಾ ಎಂದು ಕೇಳಿದಳು. ದೊಡ್ಡಕ್ಕ ಕೈ ಎತ್ತಿ ಅವಳನ್ನು ಕೂರಿಸಿದಳು. ಆಮೇಲೆ ತನ್ನ ಬಲಗೈ ತಂದು ನನ್ನ ಮುಂದೆ ಹಿಡಿದಳು. ಹೆಬ್ಬೆರಳಿನಲ್ಲೂ ತೋರುಬೆರಳಿನಲ್ಲೂ ನೂಲು ಎಳೆದೆಳೆದು ಚರ್ಮ ಸವೆದು ಗೀರು ಬಿದ್ದಿತ್ತು, ಒಳಗೆ ಕಪ್ಪು ಕೂತಿತ್ತು.

ಬಾ, ರಸ್ತೆವರೆಗೂ ಬಿಟ್ಟುಬರುತ್ತೇನೆ ಎಂದು ಆಕೆಯೇ ಹೊರಟಳು. ದಾರಿಯಲ್ಲಿ ಕೇಳಿದೆ, ಹಾಗಾದರೆ ನಲವತ್ತು ಎಂದು ಏಕೆ ಹೇಳಿದಿರಿ ಎಂದು.

"ಕುರಿ ಎಣಿಸಬಾರ್ದು ಕಣವ್ವ," ಎಂದಳು. "ಎಣಿಸಿ ಬಾಯಿಬಿಟ್ಟು ಹೇಳಿದ್ರೆ ಹಿಂಡು ಉಳಿಯಾಕಿಲ್ಲ. ಯಾರು ಕೇಳಿದ್ರೂ ನಲವತ್ತು ಅಂತೀವಿ. ಇಲ್ಲಿ ಎಲ್ರಿಗೂ ಗೊತ್ತಿರೋ ಮಾತು ಅದು. ನಿಂಗೊತ್ತಿಲ್ಲ ಅಂತ ನಮಗೆ ಹೊಳೀಲಿಲ್ಲ."

ಆಮೇಲೆ ತನ್ನ ಕಥೆ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮದುವೆಯಾಗಿ ಬಂದ ಎರಡನೇ ವರ್ಷ, ಹದಿನೆಂಟರ ಹುಡುಗಿ. ದನಕುರಿ ಗಣತಿಗೆ ಯಾರೋ ಬಂದಿದ್ದರು. ಅತ್ತೆ ಎಂದಿನಂತೆ ನಲವತ್ತು ಎಂದಳು. ಬಂದವನು ಇಷ್ಟೇನಾ ಎಂದು ನಕ್ಕ. ಗಂಡನ ಮನೆಯ ಮಾನ ಹೋಗಬಾರದೆಂಬ ಹುಮ್ಮಸ್ಸಿಗೆ ಇವಳು ರೊಪ್ಪದ ಬಾಗಿಲಲ್ಲಿ ನಿಂತು, ಸಂಜೆ ಮುಳ್ಳಿನ ಬೇಲಿಯೊಳಗೆ ಹೋಗುತ್ತಿದ್ದ ಕುರಿಗಳನ್ನು ಒಂದೊಂದಾಗಿ ಜೋರಾಗಿ ಎಣಿಸಿ ತೋರಿಸಿದಳು. ಆ ಮಳೆಗಾಲ ನೀಲಿ ನಾಲಿಗೆಯ ರೋಗ ಬಂತು. ಹಿಂಡಿನಲ್ಲಿ ಹತ್ತೊಂಬತ್ತು ಉಳಿದವು. ಕ್ಯಾತಣ್ಣನಿಗೆ ಆಗ ಹನ್ನೆರಡು ವರ್ಷ, ಅವನು ಸಾಕಿದ ಮರಿಯೂ ಹೋಯಿತು. ಅತ್ತೆ ಬೈದಳು, ಕೇರಿಯವರು ಬೈದರು, ಗಂಡ ಸುಮ್ಮನಾದ. ಕ್ಯಾತಣ್ಣ ಮಾತ್ರ ಒಂದೇ ಮಾತು ಹೇಳಿದ್ದ, ಇನ್ನು ಮೇಲೆ ಅತ್ತಿಗೆ ರೊಪ್ಪದ ಹತ್ತಿರ ಬರಕೂಡದು ಎಂದು. ಆ ಸಂಜೆಯಿಂದ ನಲವತ್ತು ವರ್ಷ, ಕುರಿ ಮನೆಗೆ ಬರುವ ಹೊತ್ತಿಗೆ ಆಕೆ ಒಳಗೆ ಹೋಗಿ ರಾಟೆಯ ಮುಂದೆ ಕೂರುತ್ತಾಳೆ. ಹಾಗೆ ಕೂತೂ ಕೂತೂ ನೂಲುವುದರಲ್ಲಿ ಊರಿಗೇ ಗಟ್ಟಿಗಿತ್ತಿಯಾದಳಂತೆ.

ನನಗೆ ಅಳು ಬಂತು, ನನ್ನ ಮೇಲೆಯೇ ಅಸಹ್ಯವೂ ಬಂತು. ಮನೆಗೆ ಬಂದು ಅಮ್ಮಿಗೆ ಹೇಳಿದೆ. ಕುರಿ ಎಣಿಸಿದರೆ ಸಾಯುತ್ತದಾ, ಇದೆಲ್ಲ ಉಂಟಾ ಎಂದೆ. ನಮ್ಮ ಮನೆಯಲ್ಲಿ ಯಾರು ಎಷ್ಟು ರೊಟ್ಟಿ ತಿಂದರೆಂದು ಎಂದಾದರೂ ಎಣಿಸಿದ್ದೀನಾ ಎಂದು ಅಮ್ಮಿ ಕೇಳಿದರು. ಇಲ್ಲ. ಎಣಿಸಲು ಹೋದರೆ ಕೈಮೇಲೆ ಹೊಡೆಯುತ್ತಿದ್ದರು. ಮತ್ತೆ ಇನ್ನೇನು ಎಂದು ಹಿಟ್ಟು ನಾದಲು ಕೂತರು.

ಸ್ವಪ್ನ ಮೇಡಂಗೆ ಎಲ್ಲ ಹೇಳಿದೆ. ಅವರು ನಂಬಿದರು, ಆದರೆ ನಂಬಿಕೆಯನ್ನು ವರದಿಯಲ್ಲಿ ಬರೆಯಲಾಗದು ಎಂದರು. ಉಣ್ಣೆಯನ್ನೇ ತೂಗಿಬಿಡೋಣ ಎಂದೆ, ಆ ಉಪಾಯ ಅಬ್ಬಾನದು. ಆದರೆ ಉಣ್ಣೆ ಕತ್ತರಿಸಲು ಇನ್ನೂ ಎರಡು ತಿಂಗಳಿತ್ತು. ಯಾರಾದರೂ ಸಾಕ್ಷಿಯಾಗಿ ನಿಂತು ಕುರಿ ಎಣಿಸಲೇಬೇಕು, ಗುರುವಾರ ನಾನೇ ಬರುತ್ತೇನೆ, ಅಷ್ಟರಲ್ಲಿ ಒಪ್ಪಿಸು ಎಂದರು.

ಒಪ್ಪಿಸಲು ಹೋದರೆ ಕ್ಯಾತಣ್ಣ ನನ್ನ ಮುಖ ನೋಡಿದ್ದೇ ತೆಲುಗಿಗೆ ಇಳಿದ. "ನೀಕೆಂದುಕಮ್ಮಾ ಲೆಕ್ಕ? ನಿಂಗ್ಯಾಕವ್ವಾ ಲೆಕ್ಕ? ಹೊಗೆ ಅಳ್ಯಾಕ್ ಬಂದೋಳು ಹೊಗೆ ಅಳಕೊಂಡು ಹೋಗು," ಎಂದು ಹಿಂಡು ಹೊಡೆದುಕೊಂಡು ಹೋದ. ನಾನೂ ಬಿಡುವವಳಲ್ಲ. ಬೇವಿನ ಮರದ ಮರೆಯಲ್ಲಿ ನಿಂತು ದೂರದಿಂದಲೇ ಕದ್ದು ಎಣಿಸಲು ನೋಡಿದೆ. ಒಂದು ಸಲ ಅರವತ್ತೊಂದು ಬಂತು, ಇನ್ನೊಂದು ಸಲ ತೊಂಬತ್ತನಾಲ್ಕು. ಕುರಿ ಎಂಬ ಪ್ರಾಣಿ ನಿಂತ ಕಡೆ ನಿಲ್ಲುವುದಿಲ್ಲ, ಎಲ್ಲವೂ ಒಂದೇ ಥರ ಕಾಣುತ್ತವೆ. ಅದೂ ಅಲ್ಲದೆ ಕದ್ದು ಎಣಿಸಿದ್ದಕ್ಕೆ ನನಗೇ ಹೆದರಿಕೆಯಾಗಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ದುವಾ ಓದಿಕೊಂಡು ಬಂದೆ.

ಗುರುವಾರ ಸ್ವಪ್ನ ಮೇಡಂ ಬಂದರು. ಸಂಘದ ಮನೆಯಲ್ಲಿ ಚಾಪೆಯ ಮೇಲೆ ಎಲ್ಲರ ಜೊತೆ ಕೂತರು. ಕ್ಯಾತಣ್ಣ, ಬೋರಣ್ಣ ಮುಂತಾದ ಗಂಡಸರು ಬಾಗಿಲ ಬಳಿ ನಿಂತಿದ್ದರು. ಮೇಡಂ ಮುಚ್ಚಿಡಲಿಲ್ಲ. ಕುರಿಯ ನಿಜವಾದ ಲೆಕ್ಕ ಸಿಕ್ಕರೆ ನೂಲು ನಿಮ್ಮದೇ ಎಂದು ಸಾಬೀತಾಗುತ್ತದೆ, ಮೋಸದ ಮಾತು ಅಳಿಸಿಹೋಗುತ್ತದೆ. ಆದರೆ ಕುರಿ ಹೆಚ್ಚಾದಷ್ಟೂ ಅವುಗಳ ತೇಗಿನ ಗಾಳಿಯ ಲೆಕ್ಕವೂ ಹೆಚ್ಚಾಗುತ್ತದೆ. ಕುರಿ ಬರೀ ಕಂಬಳಿಗಾಗಿ ಹುಟ್ಟಿದ್ದಲ್ಲ, ಮಾಂಸಕ್ಕೂ ಮರಿಗೂ ಹೊಲದ ಗೊಬ್ಬರಕ್ಕೂ ಪಾಲು ಹಾಕಿ ಕಂಬಳಿಗೆ ಬಂದಷ್ಟನ್ನೇ ಬರೆಯುತ್ತೇನೆ. ಆದರೂ ಕಂಪನಿಯವರು ಅದನ್ನು ನೋಡಿ ಆರ್ಡರು ಉಳಿಸುತ್ತಾರೋ, ಕಡಿಮೆ ಮಾಡುತ್ತಾರೋ, ನನ್ನ ಕೈಲಿಲ್ಲ ಎಂದರು.

ದೊಡ್ಡಕ್ಕ ಒಂದೇ ಪ್ರಶ್ನೆ ಕೇಳಿದಳು.

"ಎಣಿಸಿದ್ರೆ ಕಳ್ಳೀರು ಅನ್ನೋ ಮಾತು ಹೋಗ್ತೈತಾ?"

"ಅದು ಖಂಡಿತ ಹೋಗುತ್ತೆ ಅಮ್ಮ," ಎಂದರು ಮೇಡಂ.

"ಹಂಗಾದ್ರೆ ಎಣಿಸಾನ."

ಬಾಗಿಲ ಬಳಿ ಗುಜುಗುಜು ಎದ್ದಿತು. ಬೋರಣ್ಣ ಆಗುವುದಿಲ್ಲ ಎಂದ. ಕ್ಯಾತಣ್ಣ ಹೊರಗೆ ನಡೆದ. ಆಗ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ನೀವು ಯಾರೂ ಎಣಿಸಬೇಡಿ, ನಾನು ಎಣಿಸುತ್ತೇನೆ, ಮನಸ್ಸಿನಲ್ಲೇ, ಉರ್ದುವಿನಲ್ಲಿ, ಕುರಿಗೂ ತಿಳಿಯುವುದಿಲ್ಲ ದೇವರಿಗೂ ತಿಳಿಯುವುದಿಲ್ಲ ಎಂದೆ. ಹೆಂಗಸರು ನಕ್ಕರು. ಇದೇ ಸರಿ ಎಂದು ಬೋರಣ್ಣನೂ ತಲೆದೂಗಿದ. ಮೇಡಂ ಕೂಡ ಒಪ್ಪಿದರು. ದೊಡ್ಡಕ್ಕ ಒಪ್ಪಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀ ಎಣಿಸಬ್ಯಾಡ ಮಗಳೇ. ನಾಳೆ ಒಂದು ಮರಿ ಸತ್ರೂ ಆ ತುರ್ಕರ ಹುಡುಗಿ ಕಣ್ಣು ಬಿತ್ತು ಅಂತಾರೆ. ನಿಂಗೆ ಇನ್ನೂ ಮದುವಿ ಆಗಬೇಕು, ಊರೂರು ತಿರುಗಿ ಕೆಲಸ ಮಾಡಬೇಕು. ಆ ಮಾತು ಹೊತ್ಕೊಂಡು ಬದುಕೋದು ಹೆಂಗೈತೆ ಅಂತ ನಂಗೊತ್ತು. ಹೆಂಗೂ ನನ್ನ ಬಾಯಿ ಕೆಟ್ಟದ್ದು ಅಂತ ಎಲ್ರಿಗೂ ಗೊತ್ತೈತೆ. ಇನ್ನೊಂದು ಸಲ ಕೆಡಲಿ ಬಿಡು."

ನಾಲ್ಕು ದಿನದ ಹಿಂದೆ ಊರ ಮುಂದೆ ನಾನು ಕಳ್ಳಿ ಎಂದಿದ್ದ ಹೆಂಗಸು ಈ ಮಾತು ಹೇಳಿದ್ದು.

ಸಂಜೆ ಆಕೆ ಸ್ನಾನ ಮಾಡಿ, ಕುಂಕುಮವಿಲ್ಲದ ಹಣೆಗೆ ಒಂದಿಷ್ಟು ಭಂಡಾರ ಹಚ್ಚಿಕೊಂಡು ರೊಪ್ಪಕ್ಕೆ ಬಂದಳು. ಇಡೀ ಹಟ್ಟಿ ದೂರದಲ್ಲಿ ನಿಂತು ನೋಡುತ್ತಿತ್ತು. ಕ್ಯಾತಣ್ಣ ಹಿಂಡು ತಂದ. ರೊಪ್ಪದ ಬಾಗಿಲಲ್ಲಿ ಅತ್ತಿಗೆಯನ್ನು ಕಂಡು ನಿಂತ. ಆಮೇಲೆ ಬಾಗಿಲ ಮುಳ್ಳು ಸರಿಸಿ, ಒಂದು ಕುರಿ ಹೋಗುವಷ್ಟು ಮಾತ್ರ ಜಾಗ ಬಿಟ್ಟು, ನಮಗೆ ಬೆನ್ನು ಹಾಕಿ ನಿಂತುಕೊಂಡ. ಒಪ್ಪಿದನೋ ಕೈಬಿಟ್ಟನೋ ತಿಳಿಯಲಿಲ್ಲ.

ದೊಡ್ಡಕ್ಕ ಶುರುಮಾಡಿದಳು. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆ ಮೊದಲ ಕುರಿಯ ಬೆನ್ನು ಮುಟ್ಟಿ ಲಾಭ ಎಂದಳು. ಆಮೇಲೆ ಎರಡು, ಮೂರು. ಪ್ರತಿ ಕುರಿಯ ಬೆನ್ನೂ ಮುಟ್ಟಿ ಕಳಿಸಿದಳು. ಮೇಡಂ ಬೇಲಿಯ ಪಕ್ಕ ಸಾಕ್ಷಿಯಾಗಿ ನಿಂತಿದ್ದರು, ನಾನು ಕಾಗದದ ಮೇಲೆ ಗೀಟು ಎಳೆಯುತ್ತಿದ್ದೆ. ಐವತ್ತರವರೆಗೂ ದನಿ ಗಟ್ಟಿಯಾಗಿತ್ತು. ಎಪ್ಪತ್ತಕ್ಕೆ ನಡುಗಲು ಶುರುವಾಯಿತು. ಎಂಬತ್ತಾರು ಎಂದಳು. ಮುಂದಿನ ಕುರಿಯ ಮೇಲೆ ಕೈ ಇಟ್ಟಳು, ಬಾಯಿ ತೆರೆಯಿತು, ದನಿ ಬರಲಿಲ್ಲ. ಆ ಕುರಿ ಅವಳ ಕೈಕೆಳಗೆ ನಿಂತೇ ಇತ್ತು. ಹಿಂದಿನ ಕುರಿಗಳು ಒತ್ತುತ್ತಿದ್ದವು. ದೂರದಲ್ಲಿ ಜನ ಗುಸುಗುಟ್ಟಿದರು. ನಾನೇ ಹೇಳಿಬಿಡಲೇ ಎಂದು ಬಾಯಿ ತೆರೆದೆ.

"ಎಂಬತ್ತೇಳು," ಎಂದ ಕ್ಯಾತಣ್ಣ.

ಬೆನ್ನು ಹಾಕಿ ನಿಂತವನು ತಿರುಗಿದ್ದ. ಬಂದು ಬಾಗಿಲ ಇನ್ನೊಂದು ಪಕ್ಕ ನಿಂತು ಆ ಕುರಿಯನ್ನು ಒಳಗೆ ತಳ್ಳಿದ. ಎಂಬತ್ತೆಂಟು ಎಂದ. ದೊಡ್ಡಕ್ಕ ಬೆನ್ನು ಮುಟ್ಟುತ್ತಾ ಹೋದಳು, ಅವನು ಹೇಳುತ್ತಾ ಹೋದ. ನೂರ ಇಪ್ಪತ್ತೆಂಟಕ್ಕೆ ನಿಂತಿತು.

ಆಮೇಲೆ ಬೋರಣ್ಣನೂ ತನ್ನ ರೊಪ್ಪದ ಬಾಗಿಲು ತೆರೆದ. ನನ್ನದನ್ನೂ ಎಣಿಸಿಕೊಂಡು ಹೋಗಿ, ಇನ್ನು ಮುಚ್ಚಿಟ್ಟು ಏನು ಬಂತು ಎಂದ. ಆ ಸಂಜೆ ಮತ್ತು ಮಾರನೆಯ ಸಂಜೆ ಸೇರಿ ಒಂಬತ್ತು ಮನೆಯೂ ಮುಗಿಯಿತು. ಪ್ರತಿ ಮನೆಯವರೂ ತಮ್ಮ ಕುರಿಯನ್ನು ತಾವೇ ಎಣಿಸಿದರು. ಒಟ್ಟು ಸಾವಿರದ ಅರವತ್ತನಾಲ್ಕು. ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತು ಗುಣಿಸಿ ನೋಡಿದರು. ಮುನ್ನೂರು ಕಂಬಳಿಗೆ ಸಾಕಾಗಿ, ಹೆಂಗಸರು ಮನೆಮಂದಿಗೆ ಹೊದೆಯಲು ನೇಯ್ದುಕೊಳ್ಳುವಷ್ಟು ಉಳಿಯುತ್ತಿತ್ತು.

ವರದಿ ಹೋಯಿತು. ಕಂಬಳಿ ಕಡಿಮೆ ಹೊಗೆಯ ಹಸಿರು ಪಟ್ಟಿಯಿಂದ ನಡುವಿನ ಹಳದಿ ಪಟ್ಟಿಗೆ ಇಳಿಯಿತು, ತೇಗಿನ ಕೃಪೆ. ಆದರೆ ಇಡೀ ಕಂಪನಿಯ ಸಾಮಾನುಗಳಲ್ಲಿ ಮೂಲದಿಂದ ಕೊನೆಯವರೆಗೆ ಲೆಕ್ಕ ತಾಳೆಯಾದದ್ದು ನಾಲ್ಕೇ, ಅದರಲ್ಲಿ ಮೊದಲನೆಯದು ಈ ಕಂಬಳಿ ಎಂದು ಸ್ವಪ್ನ ಮೇಡಂ ಬರೆದಿದ್ದರು. ಕಂಪನಿ ಆರ್ಡರು ಉಳಿಸಿಕೊಂಡಿತು. ನನ್ನ ಮೂರು ತಿಂಗಳು ಮುಗಿಯಿತು, ಬೇರೆ ಕೆಲಸ ಹುಡುಕತೊಡಗಿದೆ.

ಮಳೆ ಬಿದ್ದ ಮೇಲೆ, ವರದಿಯಲ್ಲಿ ಸಂಘದ ಬಗ್ಗೆ ಇದ್ದ ಪುಟವನ್ನು ಕನ್ನಡಕ್ಕೆ ಮಾಡಿ, ಕೊಟ್ಟುಬರೋಣ ಎಂದು ಹಟ್ಟಿಗೆ ಹೋದೆ. ಹೋದ ಗಳಿಗೆ ಚೆನ್ನಾಗಿರಲಿಲ್ಲ. ಹೊಸ ಹುಲ್ಲು ತಿಂದು ಹೊಟ್ಟೆ ಕೆಟ್ಟು ಆ ವಾರ ಆರು ಮರಿ ಸತ್ತಿದ್ದವು. ಪ್ರತಿ ಮಳೆಗೂ ನಾಲ್ಕಾರು ಮರಿ ಹೋಗುವುದು ಅವರಿಗೆ ಹೊಸದಲ್ಲ. ಆದರೂ ನಾನು ಓದಿ ಮುಗಿಸಿದಾಗ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಚಿನ್ನಕ್ಕ ನೂಲು ಸುತ್ತುತ್ತಾ, ಏನೇ ಆಗಲಿ ಎಣಿಸಬಾರದಿತ್ತು ಎಂದಳು. ಒಬ್ಬೊಬ್ಬರೇ ದೊಡ್ಡಕ್ಕನ ಕಡೆ ನೋಡಿದರು. ಆಕೆ ತಲೆ ತಗ್ಗಿಸಿ ರಾಟೆ ತಿರುಗಿಸುತ್ತಲೇ ಇದ್ದಳು. ಎಣಿಸಿದ ಮಾರನೆಯ ದಿನದಿಂದ ಆಕೆ ಮತ್ತೆ ರೊಪ್ಪದ ಕಡೆ ಹೋಗಿರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಕ್ಯಾತಣ್ಣ ಹೊರಗೆ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಎದ್ದು ಬಾಗಿಲಿಗೆ ಬಂದ.

"ಎಣಿಸಿದ್ದು ನಾನು. ಕೊನೇಗೆ ಇಷ್ಟು ಅಂತ ಹೇಳ್ದೋನೂ ನಾನು," ಎಂದ. "ಏನಾರ ಅನ್ನೋದಿದ್ರೆ ನನಗನ್ರಿ. ಮರಿ ಸತ್ತಿದ್ದು ಹುಲ್ಲಿಗೆ. ಅವತ್ತು ಹಿಂಡು ಸತ್ತಿದ್ದೂ ರೋಗಕ್ಕೇ. ನಾನು ಸಣ್ಣೋನಿದ್ದೆ, ಯಾರನ್ನಾರ ಬೈಬೇಕಿತ್ತು, ಅತ್ಗೇನ ಬೈದೆ."

ರಾಟೆ ನಿಂತಿತು. ದೊಡ್ಡಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಚಿನ್ನಕ್ಕ ಮಾತ್ರ ಹತ್ತಿರ ಸರಿದು ಕೂತಳು. ಕ್ಯಾತಣ್ಣ ಎಲ್ಲಿ ನೋಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಹಗ್ಗ ನೋಡಿದ.

"ಸಂಜೀಗೆ ರೊಪ್ಪಕ್ಕೆ ಬಾ ಅತ್ಗೆ. ತಾಯಿಗುಳಿಗೆ ಮರಿ ಬಿಡಾಕೆ ಒಬ್ರು ಬೇಕು," ಎಂದು ಹೇಳಿ ಹೋದ.

ನಾನು ಐದು ಗಂಟೆಯ ಬಸ್ಸಿಗೆ ಹೊರಡಬೇಕಿತ್ತು, ಹೊರಡಲಿಲ್ಲ. ಹಿಂಡು ಬರುವ ಹೊತ್ತಿಗೆ ದೊಡ್ಡಕ್ಕ ಒಳಗೆ ಹೋಗದೆ ರೊಪ್ಪಕ್ಕೆ ನಡೆದಳು. ಮರಿಗಳನ್ನು ಒಂದೊಂದಾಗಿ ಎತ್ತಿ ಅವುಗಳ ತಾಯಿಯ ಹತ್ತಿರ ಬಿಟ್ಟಳು. ಯಾವ ಮರಿ ಯಾವ ತಾಯಿಯದೆಂದು ಕ್ಯಾತಣ್ಣ ಹೇಳಿಕೊಡುತ್ತಿದ್ದ.